ಹಾಲಿನ ಮಿಷನ್ನಿನೊಳಗೆ ಮಹೇಶನ ಒಂದು ಸಾಲು

ನನ್ನ ಗೆಳೆಯ ಮಹೇಶ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅಷ್ಟರಲ್ಲೇ ಅವನ ಹೆಂಡತಿ ರೇಖಾ ಅವನು ಬರೆದಿದ್ದನ್ನೆಲ್ಲ ಅಳಿಸಿ ಹಾಕಿದ್ದಾಳೆ. ಸಾಲದ್ದಕ್ಕೆ, ಅಳಿಸಿದ್ದು ಸರಿಯಾಗಿದೆಯಾ ನೋಡಿ ಹೇಳಿ ಅಂತ ಕಳೆದ ವಾರ ನನಗೇ ಫೋನ್ ಮಾಡಿದಳು.

ಗಾಬರಿಯಾಗಬೇಡಿ. ಅವಳು ಅಳಿಸಿದ್ದು ಕಂಪ್ಯೂಟರ್ ಪ್ರೋಗ್ರಾಮನ್ನು.

ಗಂಡ ಹೆಂಡತಿ ಇಬ್ಬರೂ ಹಳೇಬೀಡಿನ ತಮ್ಮ ಮನೆಯ ಮುಂದಿನ ರೂಮಿನಲ್ಲಿ ಕೂತು, ಡೇರಿಗಳಿಗೆ ಹಾಲಿನ ಫ್ಯಾಟ್ ನೋಡುವ ಮಿಷನ್ ತಯಾರಿಸುತ್ತಿದ್ದರು. ಅದರೊಳಗೊಂದು ಪುಟ್ಟ ಪ್ರೊಸೆಸರ್. ಹಾಲು ನೋಡುವ ಸೆನ್ಸರ್, ಅಂಕಿ ತೋರಿಸುವ ಡಿಸ್‌ಪ್ಲೇ, ಎಲ್ಲವೂ ಎರಡೇ ತಂತಿಗಳ ಮೇಲೆ ಅದರ ಜೊತೆ ಮಾತಾಡಬೇಕು. ಆ ತಂತಿಗಳಿಗೆ ಬಸ್ ಅಂತಾರೆ. ಯಾರು ಯಾವಾಗ ಮಾತಾಡಬೇಕು ಅಂತ ನೋಡಿಕೊಳ್ಳುವ ಪ್ರೋಗ್ರಾಮೇ ಬಸ್ ಡ್ರೈವರ್. (ಅರಸೀಕೆರೆ ಡಿಪೋದವರು ದಯವಿಟ್ಟು ಕ್ಷಮಿಸಬೇಕು.)

ಮಹೇಶ ಡ್ರೈವರ್ ಬರೆದ ಕಾಲಕ್ಕೆ ಸಿಗುತ್ತಿದ್ದ ಸೆನ್ಸರುಗಳು ಬಲು ನಿಧಾನ. ಹಾಗಾಗಿ ಒಂದೊಂದು ಪ್ರಶ್ನೆ ಕೇಳಿದ ಮೇಲೂ ಪ್ರೊಸೆಸರ್ ಸುಮ್ಮನೆ ಕಾಯಬೇಕಿತ್ತು. ಆಮೇಲೆ ಚುರುಕಾದ ಸೆನ್ಸರುಗಳು ಬಂದವು. ಡ್ರೈವರ್ ಮಾತ್ರ ಹಾಗೇ ಕಾಯುತ್ತಲೇ ಇತ್ತು. ಬದಲಾಯಿಸಬೇಕು ಅಂತ ಅವನೂ ಅನ್ನುತ್ತಿದ್ದ. ಒಂದು ದಿನ ಎದೆನೋವು ಅಂದವನನ್ನು ಹಾಸನದ ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ಹಗರೆಯ ಡೇರಿ ಕಾರ್ಯದರ್ಶಿ ರೇಗಿದ್ದಾರೆ. "ಏನವ್ವಾ, ನಿಮ್ ಮಿಷನ್ನು ಒಬ್ಬೊಬ್ಬರ ಹಾಲಿಗೂ ಜಪ ಮಾಡ್ತಾ ಕೂತ್ಕತೈತೆ! ಕ್ಯೂ ರೋಡಿಗೆ ಬಂದೈತೆ, ಹೆಂಗಸ್ರು ನನ್ನ ಬೈತಾವ್ರೆ. ಸರಿ ಮಾಡ್ಕೊಡ್ತಿಯೋ, ವಾಪಸ್ ತಗಂಡೋಯ್ತಿಯೋ?"

ಹಗರೆಯವರು ವಾಪಸ್ ಕಳಿಸಿದರೆ ಉಳಿದ ಡೇರಿಗಳವರು ಬಿಡುತ್ತಾರೆಯೇ? ಮುಂದಿನ ರೂಮಿಗೆ ಬೀಗ ಬೀಳುತ್ತದೆ, ಅಷ್ಟೇ. ಆ ರೂಮು ಬಿಟ್ಟರೆ ರೇಖಾಗೆ ಉಳಿದದ್ದಾದರೂ ಏನು? ಹಟ ಹಿಡಿದು ಕೂತು, ಇಡೀ ಡ್ರೈವರನ್ನು ಹೊಸದಾಗಿ ಬರೆದಿದ್ದಳು.

ನಾನೂ ಪ್ರೋಗ್ರಾಮ್ ಬರೆಯುವವನೇ. ಅರಸೀಕೆರೆಯಲ್ಲಿ ಬಸ್ಸು ಹತ್ತಿ ಹಳೇಬೀಡಿಗೆ ಹೋದೆ. ಟೇಬಲ್ ಮೇಲೆ ಪ್ರಿಂಟರಿನ ಉದ್ದನೆ ಹಾಳೆಗಳು, ಪಕ್ಕದಲ್ಲಿ ಕೆಂಪು ಪೆನ್ನು. ಎಲ್ಲ ಮಹೇಶ ಇದ್ದಾಗಿನ ಹಾಗೇ. ಅವನದೊಂದು ನಿಯಮ ಇತ್ತು. ಬರೆಯದವರು ಒಂದೊಂದೇ ಸಾಲು ಗಟ್ಟಿಯಾಗಿ ಓದಿ ಅರ್ಥ ಹೇಳಬೇಕು. ಬರೆದವರು ತುಟಿ ಪಿಟಕ್ ಅನ್ನುವಂತಿಲ್ಲ. "ಬರೆದೋನು ಬಾಯಿಬಿಟ್ಟು ವಿವರಿಸ್ಬೇಕಾಯ್ತು ಅಂದ್ರೆ ಕೋಡೇ ಸರಿಯಿಲ್ಲ ಅಂತ ಕಣೋ," ಅನ್ನುತ್ತಿದ್ದ. (ತನ್ನ ಸರದಿ ಬಂದಾಗ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿರಲು ಅವನು ಪಡುತ್ತಿದ್ದ ಪಾಡು ನೋಡಬೇಕಿತ್ತು ನೀವು!)

ಓದತೊಡಗಿದೆ. ರೇಖಾ ಎದುರಿಗೆ ಕೈಕಟ್ಟಿ ಕೂತಳು.

ಚೊಕ್ಕವಾಗಿ ಬರೆದಿದ್ದಳು. ಸೆನ್ಸರ್ ಸಿದ್ಧವಾದಾಗ ತಾನೇ ಸೂಚನೆ ಕೊಡುತ್ತದೆ, ಪ್ರೊಸೆಸರ್ ತಕ್ಷಣ ಓದಿಕೊಳ್ಳುತ್ತದೆ. ನಿಜ ಹೇಳಲಾ? ಮಹೇಶನದಕ್ಕಿಂತ ಚೆನ್ನಾಗಿತ್ತು. ಹಾಗೆ ಅನ್ನಿಸಿದ್ದಕ್ಕೆ ನನಗೇ ಸಂಕಟವಾಯಿತು.

ಎರಡನೇ ಹಾಳೆಯ ನಡುವೆ ನಿಂತುಬಿಟ್ಟೆ. ಅಲ್ಲೊಂದು ಹಳೇ ಸಾಲಿತ್ತು. ಕಾಯುವ ಸಾಲು. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಮಹೇಶನ ಕನ್ನಡದ ಟಿಪ್ಪಣಿ: 'ತಡಿಯಪ್ಪ, ಅದಿನ್ನೂ ಹೇಳಿಲ್ಲ.'

"ಇಲ್ಲಿ ಪ್ರೊಸೆಸರ್ ಕಾಯುತ್ತೆ," ಅಂತ ಓದಿದೆ. "ಯಾಕೆ ಕಾಯುತ್ತೆ, ಗೊತ್ತಾಗ್ತಿಲ್ಲ."

ರೇಖಾ ಮಾತಾಡಲಿಲ್ಲ. ನಿಯಮ ಹಾಗಿದೆಯಲ್ಲ.

ಅಷ್ಟೆಲ್ಲ ಅಳಿಸಿದವಳ ಕಣ್ಣಿಗೆ ಅದೊಂದು ಬೀಳಲಿಲ್ಲವೇ? ತಲೆಯೆತ್ತಿ ನೋಡಿದೆ. ಅವಳು ಕಿಟಕಿಯತ್ತ ಮುಖ ತಿರುಗಿಸಿದ್ದಳು. ಕೇಳುವುದಕ್ಕೆ ಇನ್ನೇನೂ ಇರಲಿಲ್ಲ.

ಹೋದವರ ವಸ್ತುಗಳನ್ನು ನಾವೆಲ್ಲ ಇಟ್ಟುಕೊಳ್ಳುತ್ತೇವೆ. ಕನ್ನಡಕ, ವಾಚು, ಮೊಳೆಗೆ ತೂಗುಹಾಕಿದ ಶರ್ಟು. ಇಟ್ಟುಕೊಳ್ಳಲಿ, ಯಾರಿಗೇನು ನಷ್ಟ? ಗೋಡೆಯ ಮೇಲಿನ ಶರ್ಟಿನಿಂದ ಯಾರ ಹಾಲೂ ಒಡೆಯುವುದಿಲ್ಲ. ಆದರೆ ಈ ಸಾಲು ಉಳಿದರೆ ಹಗರೆಯ ಕ್ಯೂ ಒಂದಿಷ್ಟೂ ಕರಗುವುದಿಲ್ಲ. ಹೊಸ ಡ್ರೈವರ್ ಬರೆದದ್ದೂ ಒಂದೇ, ಬಿಟ್ಟದ್ದೂ ಒಂದೇ. ರೇಖಾಗೆ ಇದು ನನಗಿಂತ ಚೆನ್ನಾಗಿ ಗೊತ್ತು.

ಕಾಣದವನ ಹಾಗೆ ಮುಂದಿನ ಸಾಲಿಗೆ ಹೋಗಿಬಿಡಲೇ ಅನ್ನಿಸಿತು. ಎಲ್ಲರೂ ಅವಳ ಜೊತೆ ಹಾಗೇ ತಾನೇ ನಡೆದುಕೊಳ್ಳುತ್ತಿರುವುದು? ಪಾಪ ಅನ್ನುತ್ತಾರೆ, ಮಾತು ತಿರುಗಿಸುತ್ತಾರೆ. ಅಷ್ಟಕ್ಕೇ ಆಗಿದ್ದರೆ ಅವಳು ನನ್ನನ್ನು ಅರಸೀಕೆರೆಯಿಂದ ಕರೆಸಬೇಕಾಗಿರಲಿಲ್ಲ.

ಕೆಂಪು ಪೆನ್ನು ತೆಗೆದುಕೊಂಡು ಬರೆದೆ: 'ಅನಗತ್ಯ. ತೆಗೆಯುವುದು.'

ಉಳಿದದ್ದನ್ನು ಓದಿ ಮುಗಿಸಿದ ಮೇಲೆ ಅವಳು ಹಾಳೆ ಎಳೆದುಕೊಂಡು ಆ ಕೆಂಪು ಅಕ್ಷರಗಳನ್ನು ನೋಡಿದಳು.

"ಗೊತ್ತಿತ್ತು ಅಣ್ಣಾ. ನೀವೇನಾದ್ರೂ ದಾಟಿಬಿಟ್ಟಿದ್ರೆ ಹಂಗೇ ಇಟ್ಕೊಂಡುಬಿಡೋಣ ಅಂತಿದ್ದೆ."

ಎದ್ದು ಕಂಪ್ಯೂಟರ್ ಮುಂದೆ ಕೂತಳು. ಕೀಲಿ ಒತ್ತಿದ ಸದ್ದು ಕೇಳಿತು, ಅಷ್ಟೇ. ಹೊಸ ಪ್ರೋಗ್ರಾಮನ್ನು ಮಿಷನ್ನಿಗೆ ಹಾಕಿ, ಲೋಟದಲ್ಲಿ ಮನೆಯ ಹಾಲನ್ನೇ ತಂದಿಟ್ಟಳು. ಇಟ್ಟಿದ್ದೇ ತಡ, ಅಂಕಿ ಮೂಡಿತು. ಮಹೇಶ ಇದ್ದಿದ್ದರೆ ಕುಣಿದಾಡಿಬಿಡುತ್ತಿದ್ದ. ನಾವಿಬ್ಬರೂ ಆ ಅಂಕಿಯನ್ನೇ ನೋಡುತ್ತಾ ಕೂತೆವು.

ಕೊನೆಗೆ ರೇಖಾ ಕೇಳಿದಳು, "ಇದ್ರಲ್ಲಿ ಅವರ್ದು ಇನ್ನೇನಾದ್ರೂ ಉಳಿದಿದೆಯಾ ಅಣ್ಣಾ? ಪೂರ್ತಿ ಓದಿದೋರು ನೀವು."

ಅವನ ನಿಯಮ ಉಳಿದಿದೆ, ಅವನು ಕಲಿಸಿದ ಕೆಲಸ ಉಳಿದಿದೆ ಅಂತ ನಾಲ್ಕು ಒಳ್ಳೆಯ ಮಾತು ಹೇಳಬಹುದಿತ್ತು. ಅವಳು ಕೇಳಿದ್ದು ಅದಲ್ಲ.

"ಇಲ್ಲಮ್ಮಾ," ಅಂದೆ. "ಒಂದು ಸಾಲೂ ಉಳಿದಿಲ್ಲ."

ಲೋಕದಲ್ಲಿ ಅಷ್ಟೊಂದು ಜನರಿದ್ದಾರಲ್ಲ, ಇದನ್ನು ಹೇಳುವುದಕ್ಕೆ ನಾನೇ ಬೇಕಿತ್ತೇ?