ಅಮ್ಮನ ಬಾಯಿಗೆ ಬಿಟ್ಟ ಹಾಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹಾಲಿದ್ದದ್ದು ಸ್ಟೀಲ್ ಲೋಟದಲ್ಲೋ ಬೆಳ್ಳಿ ಬಟ್ಟಲಲ್ಲೋ ಎಂದು ಕೇಳಿದರೆ ಒಂದು ದಿನ ಒಂದನ್ನು ಹೇಳುತ್ತೇನೆ, ಇನ್ನೊಂದು ದಿನ ಇನ್ನೊಂದನ್ನು. ನಾನು ಒಳಗೆ ಕಾಲಿಟ್ಟಾಗ ದೊಡ್ಡಮ್ಮ ವರಾಂಡದಲ್ಲಿ ಕೂತಿದ್ದರೋ, ಆಗಲೇ ಬಸ್ಸಿಗೆ ಹೊರಟುಬಿಟ್ಟಿದ್ದರೋ ಅದೂ ಖಚಿತವಿಲ್ಲ. ಹೈಸ್ಕೂಲಿನಿಂದಲೂ ದಿನಚರಿ ಬರೆಯುತ್ತಾ ಬಂದವಳು ನಾನು. ಅಮ್ಮ ಹೋದ ಆ ವಾರ ಮಾತ್ರ ಒಂದಕ್ಷರವನ್ನೂ ಬರೆದಿಲ್ಲ. ಹಾಗಾಗಿ ಇಲ್ಲಿರುವುದೆಲ್ಲ ಆಮೇಲೆ ನೆನೆದು ನೆನೆದು ಸವೆದುಹೋದದ್ದು. ಸವೆದ ಕಡೆಯಲ್ಲಿ ನಾನೇ ಏನನ್ನಾದರೂ ತುಂಬಿರಲಿಕ್ಕೂ ಸಾಕು. ಅಮ್ಮನ ಎದೆಯಿಂದ ಬರುತ್ತಿದ್ದ ಆ ಗೊರಗೊರ ಸದ್ದನ್ನು ಮಾತ್ರ ನಾನು ತುಂಬಿದ್ದಲ್ಲ.

ಅಮ್ಮನಿಗೆ ಅನ್ನನಾಳದ ಕ್ಯಾನ್ಸರ್ ಆಗಿತ್ತು. ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನಲ್ಲಿ ಮುದ್ದೆ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಶುರುವಾದದ್ದು, ಅನ್ನವೂ ಇಳಿಯದಂತಾಗಿ, ಗಂಜಿಗೆ ಬಂದು ನಿಂತಾಗ ದೊಡ್ಡಾಸ್ಪತ್ರೆಯವರು ಇನ್ನು ಗುಣ ಮಾಡುವ ಚಿಕಿತ್ಸೆ ಇಲ್ಲ, ನೋವಾಗದಂತೆ ನೋಡಿಕೊಳ್ಳಬಹುದು ಅಷ್ಟೇ ಎಂದರು. ಅಣ್ಣ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಅಮ್ಮನನ್ನು ತನ್ನ ಕ್ವಾರ್ಟರ್ಸಿಗೆ ಕರೆತಂದ. ನಾನು ಬಂಗಾರಪೇಟೆಯ ಕಾಲೇಜಿನಲ್ಲಿ ಪಾಠ ಮಾಡಿಕೊಂಡು ಅಲ್ಲೇ ಇರುವವಳು. ತರಗತಿ ಮುಗಿದ ಮೇಲೆ ರೈಲು ಹತ್ತಿ ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು ಬರುತ್ತಿದ್ದೆ, ಅಮ್ಮನ ಪಕ್ಕ ಒಂದಷ್ಟು ಹೊತ್ತು ಕೂತು ವಾಪಸಾಗುತ್ತಿದ್ದೆ. ಉಳಿದ ಹೊತ್ತೆಲ್ಲ ಅತ್ತಿಗೆಯದು.

ಅತ್ತಿಗೆಯ ಅಪ್ಪ ಗದಗದ ಕಡೆಯಿಂದ ಅದೇ ಕಾರ್ಖಾನೆಗೆ ಬಂದವರು. ಅತ್ತಿಗೆ ಹುಟ್ಟಿ ಬೆಳೆದದ್ದೆಲ್ಲ ಕೆಜಿಎಫ್‌ನಲ್ಲೇ. ಮಾರ್ಕೆಟ್ಟಿನಲ್ಲಿ ತರಕಾರಿಯವರ ಜೊತೆ ತಮಿಳಿನಲ್ಲಿ ಚೌಕಾಸಿ ಮಾಡುತ್ತಾರೆ, ಆದರೆ ಮನೆಯೊಳಗೆ ತವರಿನ ಮಾತು. ನಮ್ಮ ನೆಂಟರಿಗೆ ಇಷ್ಟು ವರ್ಷವಾದರೂ ಅವರು ಹೊರಗಿನವರೇ. ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಅವರನ್ನು ಎದುರಿಗೇ 'ರೊಟ್ಟಿ ಬಡಿಯೋಳು' ಎಂದು ಕರೆಯುತ್ತಿದ್ದರು. ಅತ್ತಿಗೆ ನಗುತ್ತಿದ್ದರು. ಆ ನಗುವನ್ನು ನಾನು ಆಗ ನಗು ಎಂದೇ ತಿಳಿದಿದ್ದೆ.

ಮನೆಗೇ ಬಂದು ರೋಗಿಗಳನ್ನು ನೋಡುವ ತಂಡವೊಂದಿತ್ತು. ಅದರ ನರ್ಸ್ ವಾರಕ್ಕೊಮ್ಮೆ ಬರುತ್ತಿದ್ದರು. ನೋವಿನ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಹೇಗೆ ಕೊಡಬೇಕು, ಅದರಿಂದ ಮಲಬದ್ಧತೆ ಆಗದಂತೆ ಏನು ಮಾಡಬೇಕು, ಮಗ್ಗುಲು ಹೇಗೆ ಬದಲಿಸಬೇಕು, ಮಂಡಿಗಳ ನಡುವೆ ದಿಂಬು ಯಾಕೆ, ಎಲ್ಲವನ್ನೂ ಅತ್ತಿಗೆಯ ಕೈಯಲ್ಲೇ ಮಾಡಿಸಿ ಕಲಿಸಿದರು. ಅಮ್ಮ ಎಂಜಲು ನುಂಗಲೂ ಕಷ್ಟಪಡತೊಡಗಿದಾಗ ಆ ನರ್ಸ್ ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದು ಹೇಳಿದ್ದು ಇಷ್ಟು: ಇನ್ನು ಮೇಲೆ ಬಾಯಿಗೆ ಏನನ್ನೂ ಹುಯ್ಯಬೇಡಿ. ಚಮಚದಷ್ಟಾದರೂ ಅದು ಹೊಟ್ಟೆಗೆ ಹೋಗುವುದಿಲ್ಲ, ಉಸಿರಿನ ದಾರಿಗೆ ಹೋಗುತ್ತದೆ. ಅವರಿಗೆ ಬಾಯಾರುವುದು ಅಂದರೆ ಬಾಯಿ ಒಣಗುವುದು. ಹತ್ತಿ ಒದ್ದೆ ಮಾಡಿ ತುಟಿ, ನಾಲಿಗೆ, ವಸಡು ಒರೆಸುತ್ತಾ ಇರಿ, ಸಾಕು.

"ಮಾತ್ರೆ ಹೆಂಗ್ರೀ ಮತ್ತ?" ಎಂದು ಅತ್ತಿಗೆ ಕೇಳಿದ್ದರು.

"ಅದಕ್ಕೆ ಬೇರೆ ದಾರಿ ಇದೆ, ಚರ್ಮದ ಕೆಳಗೆ ಸಣ್ಣ ಸೂಜಿ ಇಡ್ತೀವಿ. ನಿಮ್ಗೆ ತೋರಿಸಿಕೊಡ್ತೀನಿ ಅಮ್ಮಾ, ಭಯ ಬೇಡ."

ಭಯ ಸೂಜಿಯದಾಗಿರಲಿಲ್ಲ. ನೋಡಲು ಬರುತ್ತಿದ್ದ ನೆಂಟರದ್ದು.

ಕಾಯಿಲೆಯವರನ್ನು ನೋಡಲು ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಬ್ರೆಡ್ಡು, ಎಳನೀರು, ಸಪೋಟ, ಹಾರ್ಲಿಕ್ಸ್ ಬಾಟಲಿ. ನುಂಗಲಾಗದ ಹೆಂಗಸಿನ ಮಂಚದ ಪಕ್ಕದ ಟೇಬಲ್ಲು ದಿನಸಿ ಅಂಗಡಿಯಂತಾಗಿತ್ತು. ಅಮ್ಮನಿಗೆ ದನಿ ಇನ್ನೂ ಇದ್ದ ಕಾಲದಲ್ಲಿ ಒಂದು ಸಂಜೆ ನನ್ನನ್ನು ಹತ್ತಿರ ಕರೆದು, ಬಾಟಲಿಗಳ ಕಡೆ ಕಣ್ಣು ತೋರಿಸಿ, "ಅಂಗಡಿ ಇಡೋಕೆ ಜಾಗ ನೋಡಮ್ಮಿ, ಬಂಗಾರಪ್ಯಾಟೇಲಿ ಯಾಪಾರ ಸಂದಾಕಾಯ್ತದೆ" ಎಂದಿದ್ದಳು. ಬ್ರೆಡ್ಡನ್ನೆಲ್ಲ ಅತ್ತಿಗೆ ಕ್ವಾರ್ಟರ್ಸಿನ ನಾಯಿಗಳಿಗೆ ಹಾಕುತ್ತಿದ್ದರು. ಅಮ್ಮ ಒಣಗುತ್ತಾ ಬಂದಂತೆ ಆ ನಾಯಿಗಳು ಮೈತುಂಬಿಕೊಂಡವು. ಇದನ್ನು ನೆನೆದಾಗ ನನಗೆ ನಗು ಬರುತ್ತದೆ, ನಗು ಬಂತಲ್ಲ ಎಂದು ಹೆದರಿಕೆಯೂ ಆಗುತ್ತದೆ.

ದನಿ ಹೋದ ಮೇಲೆ ಅಮ್ಮ ಬಳೆಯಿಂದ ಮಂಚದ ಕಬ್ಬಿಣದ ಕಂಬಿಯನ್ನು ಬಡಿದು ಕರೆಯುತ್ತಿದ್ದಳು. ಆ ಸದ್ದಾದಾಗ ಅತ್ತಿಗೆ ಒಲೆಯ ಮೇಲಿನದನ್ನು ಹಾಗೇ ಬಿಟ್ಟು ಓಡುತ್ತಿದ್ದರು. ಊಟಕ್ಕೆ ಕೂತವರು ಎಂಜಲು ಕೈಯಲ್ಲೇ ಏಳುತ್ತಿದ್ದರು. ಒಮ್ಮೆ ಅವರು ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು ಅರ್ಧ ಸೋಪಿನಲ್ಲಿಯೇ ಸೀರೆ ಸುತ್ತಿಕೊಂಡು ಬಂದದ್ದನ್ನು ನೋಡಿದ್ದೇನೆ. "ನಾನಿದ್ದೀನಲ್ಲ ಅತ್ತಿಗೆ" ಎಂದೆ. "ನೀ ಇದ್ದಿ ಖರೆ, ತಂಗಿ. ನನ್ನ ಕಿವಿ ಕೇಳಬೇಕಲ್ಲ" ಎಂದರು.

ದೊಡ್ಡಮ್ಮ ಕಾಮಸಮುದ್ರದಿಂದ ಬಸ್ಸು ಬದಲಿಸಿ ಬದಲಿಸಿ ಬರುತ್ತಿದ್ದರು. ಮೊದಲ ಸಲ ಒದ್ದೆ ಹತ್ತಿಯನ್ನು ನೋಡಿದಾಗ ಅವರ ಮುಖ ಹೇಗಾಯಿತೆಂದು ನನಗೆ ಚೆನ್ನಾಗಿ ನೆನಪಿದೆ, ಅಥವಾ ಹಾಗೆ ಅನ್ನಿಸುತ್ತದೆ. ನಮ್ಮ ಕಡೆ, ಇನ್ನು ಉಳಿಯುವುದಿಲ್ಲ ಎಂದು ಗೊತ್ತಾದಾಗ ಹತ್ತಿರದವರು ಒಬ್ಬೊಬ್ಬರಾಗಿ ಬಂದು ಬಾಯಿಗೆ ಒಂದೊಂದು ತೊಟ್ಟು ಹಾಲು ಬಿಡುತ್ತಾರೆ. ಉಸಿರಿರುವಾಗಲೇ ಬಿಡಬೇಕು, ಗಂಟಲಲ್ಲಿ ಇಳಿದದ್ದನ್ನು ಕಣ್ಣಾರೆ ನೋಡಬೇಕು. ಇಳಿಯಿತು ಎಂದರೆ ಋಣ ತೀರಿತು. ದೊಡ್ಡಮ್ಮ ತಮ್ಮ ಹಿರಿಯರಿಗೆಲ್ಲ ಹೀಗೆ ಬಿಟ್ಟವರು. ಅದಕ್ಕೆಂದೇ ಮನೆಯ ಹಸುವಿನ ಹಾಲನ್ನು ಬಾಟಲಿಯಲ್ಲಿ ತುಂಬಿಕೊಂಡು ಬಂದಿದ್ದರು.

"ಏನಮ್ಮಾ ಇದು, ಗಂಟ್ಲು ಒಣಗ್ಸಿ ಕೊಲ್ತೀರಾ ನಮ್ ಉಡ್ಗೀನಾ?"

ನಾನು ನರ್ಸ್ ಹೇಳಿದ್ದನ್ನೆಲ್ಲ ಬಿಡಿಸಿ ಹೇಳಿದೆ. ಉಸಿರಿನ ದಾರಿ, ಆಹಾರದ ದಾರಿ, ಒಂದು ಕಾಗದದ ಮೇಲೆ ಗೆರೆ ಎಳೆದೂ ತೋರಿಸಿದೆನೆಂದು ಕಾಣುತ್ತದೆ. ಹಾಲಿನಲ್ಲೇ ಹತ್ತಿ ಅದ್ದಿ ತುಟಿಗೆ ಮುಟ್ಟಿಸಬಹುದು ದೊಡ್ಡಮ್ಮ, ಅದೂ ಬಿಟ್ಟಂತೆಯೇ ಅಲ್ಲವಾ ಎಂದೆ.

"ಅತ್ತಿ ಚೀಪೋಕೆ ಅವ್ಳೇನ್ ಕರೂನಾ?" ಎಂದರು. ಆಮೇಲೆ ಅತ್ತಿಗೆಯ ಕಡೆ ತಿರುಗಿ, "ನಿನ್ನ ಏನ್ ಕೇಳೋದು ಬುಡು. ನಮ್ ಕಡೆ ಪದ್ದತಿ ರೊಟ್ಟಿ ಬಡ್ಯೋಳ್ಗೆ ಏನ್ ಗೊತ್ತು. ದಾಹ ಇಕ್ಕೊಂಡು ಓದೋರು ಮನೆ ಬುಟ್ಟು ಓಗಾಕಿಲ್ಲ. ನೋಡ್ಕೋ, ಇಲ್ಲೇ ಸುತ್ತಾಡ್ತಾಳೆ" ಎಂದರು.

ಅತ್ತಿಗೆ ಹತ್ತಿಯನ್ನು ಒದ್ದೆ ಮಾಡಿ ಅಮ್ಮನ ನಾಲಿಗೆ ಒರೆಸಿದರು. ಅಮ್ಮನ ಕಣ್ಣು ತೆರೆದಿತ್ತು. ಯಾರನ್ನು ನೋಡುತ್ತಿದ್ದಳೋ ಗೊತ್ತಿಲ್ಲ.

ಅಂದಿನಿಂದ ಮಾತು ಊರಲ್ಲೆಲ್ಲ ಹಬ್ಬಿತು. ಮಗಳು ಪಾಪ ದಿನಾ ರೈಲಿನಲ್ಲಿ ಓಡಿ ಓಡಿ ಬರುತ್ತಾಳೆ, ಸೊಸೆ ತೊಟ್ಟು ನೀರು ಕೊಡುವುದಿಲ್ಲ. ನನಗೆ ಫೋನ್ ಮಾಡಿದವರು ನನ್ನನ್ನು ಹೊಗಳುತ್ತಿದ್ದರು. ಇದು ನರ್ಸ್ ಹೇಳಿದ್ದು, ನಾನೂ ಒಪ್ಪಿದ್ದು ಎಂದು ನಾನು ಪ್ರತಿಯೊಬ್ಬರಿಗೂ ಹೇಳಿದೆ. ಅವರು ಕೇಳಿಸಿಕೊಂಡರು, ಮುಂದಿನ ಮಾತಿನಲ್ಲಿ ಮತ್ತೆ ಅತ್ತಿಗೆಯನ್ನೇ ಅಂದರು.

ಅಣ್ಣ ಶಿಫ್ಟಿನಿಂದ ಬಂದು ಅಮ್ಮನ ಕಾಲ ಬಳಿ ನಿಂತು, "ಏನಾರ ತಗೊಂಡ್ಲಾ?" ಎಂದು ಕೇಳುತ್ತಿದ್ದ. ಕೇಳಬಾರದೆಂದು ಅವನಿಗೂ ಗೊತ್ತಿತ್ತು. ಆದರೂ ಬಾಯಿ ತಪ್ಪಿ ಬರುತ್ತಿತ್ತು. ಅತ್ತಿಗೆ ಒಂದು ಸಲ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡು, "ತಂಗೀ, ನಾ ಕೊಡಂಗಿಲ್ಲ ಅಂತೇನಲ್ಲ. ಕೊಟ್ರ ಉಸುರು ಕಟ್ಟತೈತಿ. ಕೊಡದಿದ್ರ ಮಂದಿ ನನ್ನ ಉಸುರು ಕಟ್ಟಸ್ತಾರ. ಅವರು ಬಾಯಿ ಆ ಅಂತ ತೆರೀತಾರ, ನಾ ಹತ್ತಿ ಇಡ್ತೀನಿ, ನನ್ನ ಮಾರಿ ನೋಡ್ತಾರ..." ಎಂದು ನಿಲ್ಲಿಸಿದರು. ಬೆರಳುಗಳು ಸುಕ್ಕುಗಟ್ಟಿದ್ದವು, ಇಡೀ ದಿನ ನೀರಿನಲ್ಲಿ ನೆನೆದ ಹಾಗೆ. ಒಂದು ವಾರ ರಜೆ ಹಾಕಿ ಬಂದು ಇರುತ್ತೇನೆ ಎಂದೆ. ಪರೀಕ್ಷೆಗಳು ಮುಗಿಯಲಿ ಎಂದುಕೊಂಡೆವು, ಇಬ್ಬರೂ.

ಆ ದಿನ ಮಧ್ಯಾಹ್ನ ದೊಡ್ಡಮ್ಮ ಬಂದಿದ್ದರು. ಅಣ್ಣ ಕಾರ್ಖಾನೆಯಲ್ಲಿದ್ದ. ನಾನು ಪರೀಕ್ಷೆಯ ಕೊಠಡಿಯಲ್ಲಿ ಮಕ್ಕಳ ತಲೆಗಳನ್ನು ನೋಡುತ್ತಾ ಓಡಾಡುತ್ತಿದ್ದೆ. ಸಂಜೆಗೆ ಮುಂಚೆ ಮನೆ ಸೇರಿದಾಗ ಬಾಗಿಲಿಗೇ ಕೇಳಿತು ಆ ಸದ್ದು, ಹುಕ್ಕಾ ಎಳೆದಂಥದ್ದು. ಅಮ್ಮನ ರವಿಕೆಯ ಕುತ್ತಿಗೆ ಒದ್ದೆಯಾಗಿತ್ತು. ದಿಂಬಿನ ಮೇಲೆ ಬೆಳ್ಳನೆಯ ಕಲೆ. ಅತ್ತಿಗೆ ಅಮ್ಮನನ್ನು ಮಗ್ಗುಲಾಗಿಸಿ, ಬೆನ್ನಿಗೆ ದಿಂಬು ಕೊಟ್ಟು, ಬಾಯಿಯಿಂದ ಒಸರುತ್ತಿದ್ದುದನ್ನು ಒರೆಸುತ್ತಿದ್ದರು. ಮಂಚದ ಕೆಳಗೆ ಹಾಲಿತ್ತು, ಲೋಟವೋ ಬಟ್ಟಲೋ, ಅರ್ಧಕ್ಕೂ ಕಡಿಮೆ.

ನಾನು ನರ್ಸಿಗೆ ಫೋನ್ ಮಾಡಿದೆ. ತಲೆ ಎತ್ತರಿಸಿ, ಮಗ್ಗುಲಲ್ಲೇ ಇರಿಸಿ, ಗಾಬರಿಯಾಗಬೇಡಿ, ಹೊರಟಿದ್ದೇನೆ ಎಂದರು. ಬಂದರು, ಸೂಜಿಯಲ್ಲಿ ಔಷಧಿ ಕೊಟ್ಟರು, ಸದ್ದು ತುಸು ತಗ್ಗಿತು. ಅಣ್ಣ ಬಂದ. ಬೆಳಗಾಗುವುದರೊಳಗೆ ಅಮ್ಮ ಹೋದಳು. ಹಾಲು ಯಾರು ಬಿಟ್ಟರು ಎಂದು ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಾಲಿನ ಪಾತ್ರೆ ಯಾವಾಗಲೋ ತೊಳೆದು ಮಗುಚಿಟ್ಟಾಗಿತ್ತು.

ಊರಲ್ಲಿ ಮಣ್ಣಿಗೆ ಹೋಗುವಾಗ ದೊಡ್ಡಮ್ಮ ಬಂದ ಹೆಂಗಸರಿಗೆಲ್ಲ ಹೇಳುತ್ತಿದ್ದುದನ್ನು ನನ್ನ ಕಿವಿಯಾರೆ ಕೇಳಿದೆ. "ಆಲು ಕುಡ್ದೇ ಓದ್ಲು ಕಣ್ರಮ್ಮ, ನೆಮ್ಮದಿಯಾಗಿ. ಸೊಸೇನೇ ಬುಟ್ಲು. ನಾವ್ ಸುಮ್ನೆ ಅಂದ್ಕಂಡಿದ್ವಿ, ಬಂಗಾರದಂತೋಳು." ಅಷ್ಟು ದಿನ ಅತ್ತಿಗೆಯ ಮುಖ ನೋಡದವರು ಬಂದು ಅವರ ಗಲ್ಲ ಮುಟ್ಟಿ ನೆಟಿಗೆ ಮುರಿದರು. "ನೀನು ಋಣ ತೀರ್ಸ್‌ಕೊಂಡೆ ಕಣಮ್ಮಿ" ಎಂದರು. ಅತ್ತಿಗೆ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಆ ನಗುವೂ ಇರಲಿಲ್ಲ. ದೊಡ್ಡಮ್ಮ ತಾವೇ ಬಿಟ್ಟು, ಇನ್ನು ಮುಂದೆಯಾದರೂ ಈ ಹೆಣ್ಣು ನಮ್ಮವರ ನಡುವೆ ತಲೆಯೆತ್ತಿ ಓಡಾಡಲಿ ಎಂದು ಹೆಸರನ್ನು ಅತ್ತಿಗೆಗೆ ಕೊಟ್ಟರೇ? ಅಥವಾ ನಿಜಕ್ಕೂ ಅತ್ತಿಗೆಯೇ? ಎರಡನ್ನೂ ನಾನು ಕಣ್ಣಿಗೆ ಕಟ್ಟಿದಂತೆ ಕಾಣಬಲ್ಲೆ. ನನ್ನ ಭಯವೇ ಅದು. ಕಾಣದೇ ಇದ್ದದ್ದನ್ನು ಇಷ್ಟು ಸ್ಪಷ್ಟವಾಗಿ ಕಾಣುವವಳ ನೆನಪನ್ನು ಯಾರು ನಂಬಬೇಕು?

ತಿಥಿ ಕಳೆದ ಮೇಲೆ ನರ್ಸ್ ಇನ್ನೊಮ್ಮೆ ಬಂದರು, ಮನೆಯವರು ಹೇಗಿದ್ದಾರೆ ಎಂದು ನೋಡಲು. ಅಮ್ಮನ ಮಂಚದ ಮೇಲೆಯೇ ಕೂತು ನಾನು ಕೇಳಿದೆ, ಹಾಲಿನಿಂದಲೇ ಆಯಿತಾ ಎಂದು. ಅವರು ಯೋಚಿಸಿ ಹೇಳಿದರು. ಕೊನೆಗಾಲದಲ್ಲಿ ಬಾಯಿಗೆ ಏನೂ ಹಾಕದವರಿಗೂ ಎಂಜಲು ಕಟ್ಟಿ ಆ ಸದ್ದು ಬರುತ್ತದೆ. ಹಾಲಿನಿಂದ ಎಂದು ಹೇಳಲಾಗದು, ಹಾಲಿನಿಂದ ಅಲ್ಲ ಎಂದೂ ಹೇಳಲಾಗದು. ಅವರ ಸಮಯ ಹತ್ತಿರವೇ ಇತ್ತು. "ನೀವು ಚೆನ್ನಾಗಿ ನೋಡ್ಕೊಂಡ್ರಿ. ಬೆನ್ನಲ್ಲಿ ಒಂದು ಹುಣ್ಣಾಗಿರಲಿಲ್ಲ ಅವ್ರಿಗೆ" ಎಂದು ಅಡುಗೆಮನೆಯ ಕಡೆ ತಿರುಗಿ ದನಿ ಎತ್ತರಿಸಿದರು. ಅತ್ತಿಗೆ ಅಲ್ಲಿ ಪಾತ್ರೆ ತೊಳೆಯುತ್ತಿದ್ದರು. ನಲ್ಲಿ ನಿಂತದ್ದು ಕೇಳಿಸಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಿಟ್ಟದ್ದು ಕೇಳಿಸಿತು.

ಈಗಲೂ ಆಗಾಗ ಹೋಗುತ್ತೇನೆ. ಆ ಮನೆಯಲ್ಲಿ ಬಿಸಿಲು ಇಳಿಯುವ ಹೊತ್ತಿಗೆ ಗೋಡೆಯ ಹೊರಗಿನ ನೀರಿನ ಪೈಪು ಟಣ್ ಟಣ್ ಎನ್ನುತ್ತದೆ. ಮೊದಲ ಸಲ ಕೇಳಿದಾಗ ನಾನೂ ಅತ್ತಿಗೆಯೂ ಒಟ್ಟಿಗೇ ಎದ್ದಿದ್ದೆವು, ಅಮ್ಮನ ಕೋಣೆಯ ಬಾಗಿಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದೆವು. ಈಗ ನಾನು ಏಳುವುದಿಲ್ಲ. ಅತ್ತಿಗೆ ಏಳುತ್ತಾರೆ. ಪೈಪು ಎಂದು ಗೊತ್ತಿದ್ದೂ ಎದ್ದು ಹೋಗಿ, ಒಳಗೆ ನಿಂತು, ಬರುತ್ತಾರೆ. ಅಣ್ಣ ಪ್ಲಂಬರನ್ನು ಕರೆಸುತ್ತೇನೆ ಎಂದರೆ, "ಇರಲಿ ಬಿಡ್ರಿ, ಯಾಕ" ಎನ್ನುತ್ತಾರೆ. ಅವರು ಕಾಫಿಗೆ ಹಾಲು ಹಾಕಿಕೊಳ್ಳುವುದನ್ನು ಬಿಟ್ಟಿದ್ದಾರೆ. ಡಾಕ್ಟರು ಹೇಳಿದ್ದಾರೆ, ಹೊಟ್ಟೆಯುಬ್ಬರವಂತೆ. ಇರಬಹುದು.

ನರ್ಸಿನ ಮಾತನ್ನು ನಾನು ನಂಬುತ್ತೇನೆ. ಹಾಲು ಅಮ್ಮನನ್ನು ಕೊಂದಿತು ಎಂದು ನಾನು ಅಂದುಕೊಂಡಿಲ್ಲ. ಯಾರು ಬಿಟ್ಟರೆಂಬುದೂ ಈಗ ಅಷ್ಟು ಕಾಡುವುದಿಲ್ಲ. ನನ್ನನ್ನು ಬಿಡದೆ ಕಾಡುವುದು ಅದರ ಹಿಂದಿನ ಗಳಿಗೆ. ನಾವು ಹಿಡಿದ ದಾರಿ ಸರಿಯಾದದ್ದೇ ಆಗಿದ್ದರೂ, ಅದನ್ನು ಅಮ್ಮನನ್ನು ಕೇಳಿ ಹಿಡಿದದ್ದಲ್ಲ. ಅವಳಿಗೆ ಹತ್ತಿ ಸಾಕಿತ್ತೇ? ಅಕ್ಕ ಹಸುವಿನ ಹಾಲು ತಂದಿದ್ದಾಳೆಂದು ಅವಳಿಗೆ ತಿಳಿಯಿತೇ? ತಿಳಿದು, ಉಸಿರು ಕಟ್ಟಿದರೂ ಸರಿ, ಇದೊಂದು ಬೇಕು ಎಂದು ಸನ್ನೆ ಮಾಡಿದಳೇ? ಹಾಗಿದ್ದರೆ ಆ ಹಾಲು ತಪ್ಪಲ್ಲ, ಅತ್ತಿಗೆ ಇಷ್ಟು ವರ್ಷ ಎದೆಯ ಮೇಲೆ ಹೊತ್ತಿರುವುದನ್ನು ಕೆಳಗಿಳಿಸಬಹುದು. ಇಲ್ಲವಾದರೆ, ಗೊತ್ತಿಲ್ಲ.

ಹೋದ ತಿಂಗಳು ಭಾನುವಾರ, ಅತ್ತಿಗೆ ಹಿತ್ತಲಿನಲ್ಲಿ ಒಗೆದ ಬಟ್ಟೆ ಹರವುತ್ತಿದ್ದರು. ನಾನು ಹಗ್ಗದ ಇನ್ನೊಂದು ತುದಿಯಲ್ಲಿದ್ದೆ. ನಮ್ಮಿಬ್ಬರ ನಡುವೆ ಅಣ್ಣನ ಒದ್ದೆ ಪಂಚೆ. ಅವರ ಮುಖ ಕಾಣದಿದ್ದುದರಿಂದಲೇ ಕೇಳಲು ನನಗೆ ಬಾಯಿ ಬಂತೇನೋ. ಕ್ಲಿಪ್ಪು ಹಾಕುತ್ತಿದ್ದ ಅವರ ಕೈ ನಿಂತಿತು. ಪಂಚೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಕೇಳಿದ್ದು ಇಷ್ಟೇ:

"ಅತ್ತಿಗೆ, ಅವತ್ತು ಹಾಲು ಬೇಕು ಅಂತ ಅಮ್ಮಾನೇ ಕೇಳಿದ್ಲಾ?"