ಖಾಕಿ ಬೈಂಡ್ ಕಿತ್ತ ದಿನ

ಎರಡು ವರ್ಷದ ಹಿಂದಿನ ಮಾತು. ಬಿಳಿಗೆರೆ ಹತ್ತಿರದ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಆಗಷ್ಟೇ ಪುಟ್ಟ ಮಕ್ಕಳ ಚಿತ್ರಪುಸ್ತಕಗಳು ಬಂದಿದ್ದವು. ಅಲ್ಲಿ ಪುಸ್ತಕ ನೋಡಿಕೊಳ್ಳುವವಳು ನಾನು. ಹೊಸ ಪುಸ್ತಕ ಕೊಳೆಯಾಗಬಾರದೆಂದು ಮೂರು ದಿನ ಕೂತು ಎಲ್ಲಕ್ಕೂ ಖಾಕಿ ಕಾಗದದ ಬೈಂಡ್ ಹಾಕಿ, ಹೆಸರು, ನಂಬರ್ ಬರೆದು ಸಾಲಾಗಿ ಜೋಡಿಸಿದೆ. ನನ್ನ ಕೆಲಸ ನೋಡಿ ನನಗೇ ಹೆಮ್ಮೆ.

ಆ ವಾರವೇ ನಮ್ಮೂರಿನ ಸಿದ್ದಮ್ಮ ಬಂದರು. ಅವರ ಸೊಸೆಗೆ ತಾಂಡ್ಯದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಮೂರು ವರ್ಷದ ಮೊಮ್ಮಗಳು ಚಂದನಾ ಅಲ್ಲಿಯವರೆಗೆ ಮೂಗೂರಿನಲ್ಲಿ, ತಾಯಿಯ ತವರಿನಲ್ಲೇ ಬೆಳೆದವಳು. ಈ ಅಜ್ಜಿ ಅವಳಿಗೆ ಹೊಸಬರು. ಅಂಗನವಾಡಿಯಲ್ಲೂ ಕೂರುತ್ತಿರಲಿಲ್ಲ. ಅಮ್ಮ ಬಸ್ಸು ಹತ್ತಿದರೆ ಸಾಕು, ಸಂಜೆಯವರೆಗೂ ಒಂದೇ ಸಮ ಅಳು. ಅಜ್ಜಿ ಕರೆದರೆ ಬಾಗಿಲ ಹಿಂದೆ ಅವಿತುಕೊಳ್ಳುತ್ತಿದ್ದಳು. ಹೀಗೇ ಆದರೆ ತಿಂಗಳ ಕೊನೆಗೆ ಸೊಸೆ ಕೆಲಸ ಬಿಡುತ್ತಾಳಂತೆ.

"ಆಸೆಪಟ್ಟು ಸೇರವ್ಳೆ ಕಣವ್ವ. ಕೂಸು ನನ್ ತಾವಕ್ಕೆ ಬರಂಗೆ ಯಾವ್ದಾರ ಒಂದ್ ಪುಸ್ತಕ ಕೊಡು" ಎಂದರು.

ನಾನು ಬಲು ಯೋಚಿಸಿ ನೀತಿಕಥೆಯ ಒಂದು ದಪ್ಪ ಪುಸ್ತಕ ಆರಿಸಿಕೊಟ್ಟೆ. ಪುಟದ ಮೂಲೆಗೊಂದು ಚಿತ್ರ, ಉಳಿದದ್ದೆಲ್ಲ ಅಕ್ಷರ. ಎರಡೇ ದಿನಕ್ಕೆ ವಾಪಸ್ ಬಂತು. ಇನ್ನೊಂದು ಕೊಟ್ಟೆ, ಅದೂ ವಾಪಸ್. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಸರಿಯಾಗಿ ಓದಿ ಹೇಳಿದ್ರಾ, ಇಲ್ಲಾ ಹಾಗೇ ಇಟ್ಟುಕೊಂಡು ತಂದ್ರಾ ಎಂದು ನಾಲ್ಕು ಜನರೆದುರೇ ಕೇಳಿಬಿಟ್ಟೆ.

ಸಿದ್ದಮ್ಮ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: "ನಂಗೆ ಓದಕ್ಕೆ ಬರಕಿಲ್ಲ ಕಣವ್ವ. ನೋಡಿ ತಕ್ಕಳವ ಅಂದ್ರೆ ಎಲ್ಲಕ್ಕೂ ಒಂದೇ ಅಂಗಿ ಇಕ್ಬುಟ್ಟಿದ್ದೀಯ. ಒಳಗೇನದೆ ಅಂತ ನಂಗೆ ಎಂಗೆ ಗೊತ್ತಾಗ್ಬೇಕು?"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಕ್ಕಳ ಪುಸ್ತಕದ ಮುಖವನ್ನೇ ಮುಚ್ಚಿಟ್ಟು ಹೆಮ್ಮೆಪಟ್ಟಿದ್ದೆನಲ್ಲ! ಅಲ್ಲೇ ಚಾಪೆ ಹಾಸಿ ಒಂದೊಂದೇ ಬೈಂಡ್ ಕಿತ್ತೆ. ಸಿದ್ದಮ್ಮನೂ ಪಕ್ಕದಲ್ಲಿ ಕೂತು ಕೀಳಲು ಶುರುಮಾಡಿದರು. ಆನೆ, ರೈಲು, ಚಂದ್ರ ಎಲ್ಲ ಹೊರಬಂದವು. ಕೊನೆಗೆ ಅವರು ಎತ್ತಿಕೊಂಡದ್ದು ಒಂದು ಕೋಳಿ ಮತ್ತು ಮರಿಗಳ ಪುಸ್ತಕ. ಅದರಲ್ಲಿ ಒಂದಕ್ಷರವೂ ಇರಲಿಲ್ಲ, ಬರೀ ಚಿತ್ರ. ನಾನಾಗಿದ್ದರೆ ಅದನ್ನು ಯಾರಿಗೂ ಓದಿ ಎಂದು ಕೊಡುತ್ತಿರಲಿಲ್ಲ. ಸಿದ್ದಮ್ಮ ಮಾತ್ರ, ನಮ್ಮನೆ ಕೆಂಪಿ ಥರಾನೇ ಇದೆ ಎಂದು ತಮ್ಮ ಕೋಳಿಯನ್ನು ನೆನೆದು ನಗುತ್ತಾ ಹೋದರು.

ಆಮೇಲೆ ಹದಿನೈದು ದಿನ ಪತ್ತೆಯಿಲ್ಲ. ಸೊಸೆ ಕೆಲಸ ಬಿಟ್ಟೇಬಿಟ್ಟಳೇನೋ ಎಂದು ನನಗೆ ಒಳಗೊಳಗೇ ಕಸಿವಿಸಿ. ಒಂದು ಬೆಳಿಗ್ಗೆ ನೋಡಿದರೆ ಸಿದ್ದಮ್ಮ ಮೊಮ್ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು. ಸೊಸೆ ಕೆಲಸಕ್ಕೆ ಹೋಗುತ್ತಲೇ ಇದ್ದಾಳೆ. ಮಗು ಅಮ್ಮನ ಬಸ್ಸಿಗೆ ಟಾಟಾ ಮಾಡಿ, ಪುಸ್ತಕ ಹಿಡಿದು ಅಜ್ಜಿಯ ತೊಡೆ ಏರುತ್ತದಂತೆ. ಅಜ್ಜಿ ಚಿತ್ರ ನೋಡಿ ಹೇಳುವ ಕಥೆಯಲ್ಲಿ ಪುಸ್ತಕದ ಕೋಳಿ ದಿನಕ್ಕೊಂದು ಕಡೆ ಹೋಗುತ್ತದೆ. ಒಂದು ದಿನ ಕಪಿಲಾ ಹೊಳೆಗೆ, ಇನ್ನೊಂದು ದಿನ ಮೂಗೂರಿನ ಅಜ್ಜಿ ಮನೆಗೆ.

ನನಗೆ ಖುಷಿ ತಡೆಯಲಾಗಲಿಲ್ಲ. ಕೊಡು ಪುಟ್ಟಿ, ಇವತ್ತು ನಾನು ಓದ್ತೀನಿ ಎಂದು ಕೈಚಾಚಿದೆ. ಚಂದನಾ ಪುಸ್ತಕವನ್ನು ಎದೆಗವಚಿಕೊಂಡು ನನ್ನನ್ನೊಮ್ಮೆ ನೋಡಿದಳು.

"ನಿಂಗೆ ಬರಲ್ಲ. ನಮ್ಮಜ್ಜಿಗೆ ಬತ್ತದೆ."

ಸಿದ್ದಮ್ಮ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಈಗ ಪುಟ್ಟ ಮಕ್ಕಳಿಗೆ ಯಾವ ಪುಸ್ತಕ ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಎಲ್ಲವನ್ನೂ ಹರಡಿ ನೀವೇ ನೋಡಿ ಎನ್ನುತ್ತೇನೆ. ಆ ಕೋಳಿಯ ಪುಸ್ತಕವನ್ನು ಎಷ್ಟೋ ಸಲ ತೆಗೆದು ನೋಡಿದ್ದೇನೆ. ಮಗು ಹೇಳಿದ್ದು ನಿಜ. ಸಿದ್ದಮ್ಮನ ಹಾಗೆ ಓದಲು ನನಗೆ ಇನ್ನೂ ಬಂದಿಲ್ಲ.