ಟಿವಿಯ ಹಿಂದಿನ ಟೊಪ್ಪಿಗೆ

ಟಿವಿಯ ಹಿಂದೆ ಕೂತಾಗ ಅವರ ಬಿಳಿ ಟೊಪ್ಪಿಗೆಯ ತುದಿಯಷ್ಟೇ ಕಾಣುತ್ತಿತ್ತು. ಅದು ಯಾವಾಗಲೂ ತುಸು ಎಡಕ್ಕೆ ವಾಲಿರುತ್ತಿತ್ತು, ಕಾಳು ಕಂಡ ಕೋಳಿ ಕತ್ತು ಓರೆ ಮಾಡಿದ ಹಾಗೆ. ಮನಗೂಳಿಯಲ್ಲಿ ಅವರ ರಿಪೇರಿ ಅಂಗಡಿ ಇತ್ತು. ಸುತ್ತಲಿನ ಹಳ್ಳಿಗಳಿಗೆಲ್ಲ ಅವರು ಟಿವಿ ಕಾಕಾ.

ಅವರು ಎಂದೂ ಪರದೆಯ ಮುಂದೆ ಬಂದು ನೋಡುತ್ತಿರಲಿಲ್ಲ. ಹಿಂದಿನಿಂದಲೇ ಕೇಳುತ್ತಿದ್ದರು: “ಏನ ಕಾಣಾಕತ್ತೈತಿ?” ಛೋಲೊ ಆತು ಎಂದರೆ ಒಪ್ಪುತ್ತಿರಲಿಲ್ಲ. “ಛೋಲೊ ಅನ್ನೂದು ನನ್ನ ಕೆಲಸ. ಕಂಡದ್ದ ಹೇಳೂದು ನಿಮ್ಮ ಕೆಲಸ.” ಗೆರೆ ಅಡ್ಡವೋ ಉದ್ದವೋ, ಮುಖ ಹಸಿರೋ ಕೆಂಪೋ, ಎಲ್ಲ ಹೇಳಬೇಕು. ತನ್ನ ಮದುವೆ ಮಾತಾಡಲು ಬಂದವರೂ ಇಷ್ಟು ಕೇಳಿರಲಿಲ್ಲವೆಂದು ಒಬ್ಬ ಅಜ್ಜಿ ಹಂಗಿಸಿದ್ದಳಂತೆ.

ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ನಾನು ಶಿಕ್ಷಕಿಯಾಗಿದ್ದೆ. ಮೂರನೆಯ ತರಗತಿ ಕೂರುತ್ತಿದ್ದುದು ತೊಲೆಗಳ ಮೇಲೆ ಮಣ್ಣು ಹಾಸಿದ ಮಾಳಿಗೆಯ ಹಳೆಯ ಕೋಣೆಯಲ್ಲಿ. ಒಂದು ದಿನ ಜೇಡರಬಲೆ ತೆಗೆಯಲು ಏಣಿ ಹತ್ತಿದಾಗ, ನಡುವಿನ ತೊಲೆ ಗೋಡೆಯೊಳಗೆ ಸೇರುವ ಕಡೆ ಗೆದ್ದಲು ತಿಂದು ಟೊಳ್ಳಾಗಿದ್ದು ಕಂಡಿತು. ಕೆಳಗೆ ನಿಂತವರಿಗೆ ಸುಣ್ಣ ಬಳಿದ ತೊಲೆ ಗಟ್ಟಿಯಾಗಿಯೇ ಕಾಣುತ್ತಿತ್ತು. ಮಕ್ಕಳನ್ನು ಗುಡಿಯ ಸುತ್ತಿನ ಪೌಳಿಗೆ ಕಳಿಸಲು ಶಾಲಾ ಸಮಿತಿ ಒಪ್ಪಬೇಕಿತ್ತು. ಅಧ್ಯಕ್ಷರಿಗೆ ಮೊಣಕಾಲು ನೋವು, ಏಣಿ ಹತ್ತಲಾರರು. ಹಿರಿಯರು ಹತ್ತದ ಏಣಿಯನ್ನು ಉಳಿದವರು ಹತ್ತಲಿಲ್ಲ. “ನಾವೂ ಅದರ ಕೆಳಗ ಕುಂತ ಕಲ್ತೇವ್ರಿ ಅಕ್ಕೋರ,” ಎಂದು ಅಧ್ಯಕ್ಷರು ನಕ್ಕರು.

ನಾನು ಆ ತೊಲೆಯ ತುದಿಯ ಫೋಟೊ ತೆಗೆದೆ. ತಂಗಿಯ ಗಂಡ ತನ್ನ ಲ್ಯಾಪ್‌ಟಾಪ್ ಕೊಟ್ಟ. ಅದರ ಪರದೆ ಓರೆಯಿಂದ ನೋಡಿದವರಿಗೆ ಬರೀ ಕಪ್ಪು. ನನ್ನ ಹೆಗಲ ಮೇಲಿಂದ ಇಣುಕುವುದು ಹಿರಿಯರಿಗೆ ಸರಿಬರುವಂತಿರಲಿಲ್ಲ. ಹಾಗಾಗಿ ಪಂಚಾಯಿತಿಯ ಟಿವಿಯಲ್ಲಿ ತೋರಿಸುವುದೆಂದಾಯಿತು. ಅದಕ್ಕೆ ಬೇಕಾದ ವೈರನ್ನು ಕಾಕಾ ಕಿಸೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು.

ಸಮಿತಿಯವರು ಬಂದು ಕೂತರು. ವೈರು ಜೋಡಿಸಿದರೂ ಟಿವಿಯಲ್ಲಿ ಏನೂ ಮೂಡಲಿಲ್ಲ. ಟಿವಿಯ ಹಿಂದಿನಿಂದ ಕಾಕಾ, ಯಾವುದನ್ನು ಮೊದಲು ಚಾಲೂ ಮಾಡಿದಿರಿ ಎಂದು ಕೇಳಿದರು. ಲ್ಯಾಪ್‌ಟಾಪ್ ಎಂದೆ.

“ಬೀಗರು ಬಂದು ಕುಂಡ್ರೂಕಿಂತ ಮೊದ್ಲ ತಾಟ ಹಾಕಿದ್ರ ಯಾರ ಉಣ್ತಾರ್ರಿ? ಎಲ್ಲಾ ಬಂದ್ ಮಾಡ್ರಿ. ಮೊದ್ಲ ಟಿವಿ ಹಚ್ರಿ, ಆಮ್ಯಾಲೆ ಅದನ್ನ.”

ಹಾಗೇ ಮಾಡಿದೆ. ಈ ಸಲ ಚಿತ್ರ ಬಂತು, ಆದರೆ ನಿಲ್ಲಲಿಲ್ಲ. ಬಣ್ಣವಿಲ್ಲ, ಮೇಲಿಂದ ಕೆಳಕ್ಕೆ ಉರುಳುತ್ತಿದೆ ಎಂದೆ. ಟೊಪ್ಪಿಗೆ ಅಲುಗಾಡಿತು. ಲ್ಯಾಪ್‌ಟಾಪ್ ಚಿತ್ರವನ್ನು ಅಮೆರಿಕದವರ ಟಿವಿಗೆ ಕಳಿಸುವ ಲೆಕ್ಕದಲ್ಲಿ ಕಳಿಸುತ್ತಿದೆ, ನಮ್ಮ ಟಿವಿಗೆ ಆ ಭಾಷೆ ತಿಳಿಯದು, ಅದರ ಸೆಟ್ಟಿಂಗಿನಲ್ಲಿ ನಮ್ಮ ಕಡೆಯ ಲೆಕ್ಕ ‘ಪಾಲ್’ ಅಂತ ಇರುತ್ತದೆ ಹುಡುಕಿರಿ ಎಂದರು. ಅಧ್ಯಕ್ಷರು ಎದ್ದು ಚಪ್ಪಲಿ ಹುಡುಕತೊಡಗಿದ್ದರು. ನಾನು ಹುಡುಕಿ ಒತ್ತಿದೆ. ಚಿತ್ರ ನಿಂತಿತು. ಬಣ್ಣ ಬಂತು.

“ಏನ ಕಾಣಾಕತ್ತೈತಿ?”

ಬಂತ್ರಿ ಎಂದೆ.

“ಬಂತು ಅಂದ್ರ ಏನ ಬಂತು?”

ನನಗೆ ಸಿಟ್ಟು ಬಂತು. ಆದರೂ ಹೇಳಿದೆ. ತೊಲೆಯ ತುದಿ. ಅದಕ್ಕೂ ಗೋಡೆಗೂ ನಡುವೆ ನಾಲ್ಕು ಬೆರಳು ಸಂದು. ತುದಿಯಲ್ಲಿ ಕೈ ಮೊಣಕೈವರೆಗೆ ಹೋಗುವಷ್ಟು ಟೊಳ್ಳು. ಕೆಳಗೊಂದು ಕಲ್ಲು; ತೊಲೆ ಆ ಕಲ್ಲಿನ ಅಂಚಿನ ಮೇಲೆ ಎರಡು ಬೆರಳಿನಷ್ಟು ಮಾತ್ರ ಕೂತಿದೆ. ಕಲ್ಲಿನ ಮಾತು ಹೇಳುವವರೆಗೂ ನಾನೇ ಅದನ್ನು ಗಮನಿಸಿರಲಿಲ್ಲ.

ಅಧ್ಯಕ್ಷರು ತಮ್ಮ ಎರಡು ಬೆರಳು ಜೋಡಿಸಿ ಬಹಳ ಹೊತ್ತು ನೋಡಿಕೊಂಡರು. ಆಮೇಲೆ, ನಾಳೆಯಿಂದ ಹುಡುಗರು ಪೌಳಿಯಲ್ಲಿ ಕೂರಲಿ ಎಂದರು.

ಎಲ್ಲರೂ ಹೋದ ಮೇಲೆ ಕಾಕಾ ಎದುರಿಗೆ ಬಂದು ಪರದೆಯ ಗಾಜಿನ ಮೇಲೆ ಅಂಗೈ ಇಟ್ಟರು. ನೋಡಿದಿರಾ ಎಂದು ಕೇಳಿದೆ.

“ನನಗ ಕಾಣಂಗಿಲ್ರಿ ಅಕ್ಕೋರ. ಕಣ್ಣಿನ ನಟ್ಟನಡುವ ಹೊಗಿ ಕುಂತಂಗೈತಿ, ಬಾಜೂಕಷ್ಟ ಕಾಣ್ತೈತಿ. ಆರು ವರ್ಷಾತು. ಕಣ್ಣಿಲ್ಲದಾಂವಗ ಟಿವಿ ಯಾರ ಕೊಡ್ತಾರ? ಹೇಳಬ್ಯಾಡ್ರಿ.”

ನಾನು ಯಾರಿಗೂ ಹೇಳಲಿಲ್ಲ.

ಒಂಬತ್ತನೆಯ ದಿನ ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ತರಗತಿಗಳಿಗೆ ಹೋದ ಹೊತ್ತಿಗೆ ಹಳೆಯ ಕೋಣೆಯ ಮಾಳಿಗೆ ಬಿತ್ತು. ಬಸ್ಸು ಹಿಡಿದು ಮನಗೂಳಿಗೆ ಹೋದೆ. ಅಂಗಡಿಯ ಮುಂದೆ ನಿಂತು, ಮಾಳಿಗೆ ಬಿತ್ತು ಎಂದಷ್ಟೇ ಹೇಳಿದೆ. ಕಾಕಾ ಸ್ಟೂಲು ಎಳೆದು ಕೂರಿಸಿ, ಏನು ಕಂಡಿರಿ, ಮೊದಲಿನಿಂದ ಹೇಳಿರಿ ಎಂದರು. ಹೇಳಿದೆ. ಮೊದಲು ಬಾಗಿಲ ಮೇಲಿಂದ ಮಣ್ಣು ಸಣ್ಣಗೆ ಸುರಿಯಿತು. ಕಬ್ಬು ಮುರಿದಂಥ ಸಪ್ಪಳ. ಆಮೇಲೆ ತೊಲೆ, ಅದರ ಹಿಂದೆ ಮಾಳಿಗೆಯ ಮಣ್ಣೆಲ್ಲ. ಧೂಳು ಇಳಿದಾಗ ಕಪ್ಪು ಹಲಗೆಯ ಒಂದು ಮೂಲೆ ಮಾತ್ರ ಹೊರಗಿತ್ತು.

“ಒಳಗ?”

“ಯಾರೂ ಇರಲಿಲ್ರಿ.”

ಅವರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

ಕೆಲವು ವರ್ಷಗಳ ನಂತರ ಕಾಕಾ ಹಾಸಿಗೆ ಹಿಡಿದರು. ನೋಡಲು ಬಂದವರೆಲ್ಲ ಆರಾಮ ಕಾಣುತ್ತೀರಿ ಎಂದು ಹೇಳಿ ಹೋಗುತ್ತಿದ್ದರು. ನಾನು ಹೋದಾಗ ದನಿ ಗುರುತಿಸಿ, ಮುಖ ನನ್ನ ಕಡೆ ತಿರುಗಿಸಿದರು.

“ಏನ ಕಾಣಾಕತ್ತೈತಿ?”

ಗಲ್ಲ ಒಳಗೆ ಹೋಗಿದೆ ಎಂದೆ. ತುಟಿ ಒಣಗಿದೆ. ಕುತ್ತಿಗೆಯ ನರ ಹೊಡೆದುಕೊಳ್ಳುವುದು ಕಾಣುತ್ತಿದೆ. ಟೊಪ್ಪಿಗೆ ಇಲ್ಲ.

“ಟೊಪ್ಪಿಗಿ ಗೂಟಕ್ಕೈತಿ,” ಎಂದರು.

ತಂದು ತಲೆಗಿಟ್ಟೆ. ತುಸು ಎಡಕ್ಕೆ ವಾಲಿಸಿ.